ರಾಡು ಹಿಡಿಯುತ್ತೆ, ಬೆಸೆಯೋದು ಮೂಳೆ

ಪಿರಿಯಾಪಟ್ಟಣದ ಕಂಪಲಾಪುರದ ಕಡೆ ನಮ್ಮೂರು. ಮಗಳ ಲಂಗದ ಅಂಚು ಒಂದು ಪಕ್ಕಕ್ಕೆ ಇಳಿಯುತ್ತಿತ್ತು. ದರ್ಜಿಯನ್ನು ಬೈದೆ, ಓರೆಯಿದ್ದದ್ದು ಬೆನ್ನು. ಮೈಸೂರಿನ ಎಕ್ಸ್‌ರೇಯಲ್ಲಿ ಓರೆ 58 ಡಿಗ್ರಿ. 10 ಡಿಗ್ರಿಗೇ ಅದನ್ನು ಸ್ಕೋಲಿಯೋಸಿಸ್ ಅನ್ನುತ್ತಾರೆ.

ಆಪರೇಷನ್ನಿಗೆ ಮೊದಲು ಡಾಕ್ಟರು ಕೇಳಿದ್ದು, "ಮನೇಲಿ ಯಾರು ಬೀಡಿ ಸೇದ್ತೀರಿ?" ಸ್ಕ್ರೂ, ರಾಡು ಬೆನ್ನನ್ನು ಹಿಡಿದಿಡುತ್ತವೆ ಅಷ್ಟೆ. ಕಸಿ ಹಾಕಿದ ಮೂಳೆ ಬೆಸೆದುಕೊಳ್ಳಲು 6 ತಿಂಗಳೋ ವರ್ಷವೋ ಬೇಕು. ನಿಕೋಟಿನ್ ರಕ್ತನಾಳ ಕುಗ್ಗಿಸಿ ಆ ಬೆಸುಗೆ ಕೆಡಿಸುತ್ತದೆ. ಬೆಸೆಯದಿದ್ದರೆ ಕೊನೆಗೆ ರಾಡೇ ಮುರಿದೀತು. ಹುಣಸೂರು, ಪಿರಿಯಾಪಟ್ಟಣದಲ್ಲಿ ನಮ್ಮ ಅನ್ನವೇ ಹೊಗೆಸೊಪ್ಪು! ಇಬ್ಬನಿಯಲ್ಲಿ ನೆನೆದ ಹಸಿ ಎಲೆ ಮುರಿದರೆ ನಿಕೋಟಿನ್ ಚರ್ಮದೊಳಗೂ ಇಳಿಯುತ್ತದೆ. ಆ ವರ್ಷ ಮಗಳನ್ನು ಹೊಲಕ್ಕೂ, ಸೊಪ್ಪು ಹದಮಾಡುವ ಬ್ಯಾರನ್ನಿಗೂ ಕಳಿಸಲಿಲ್ಲ. ಅವರಪ್ಪನ ಬೀಡಿ ಜಗಲಿ ದಾಟಿ ಬೀದಿಗೆ ಹೋಯಿತು. ಬಿಟ್ಟರು ಅಂತ ಸುಳ್ಳು ಹೇಳಲಾರೆ.

ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು, ಎದೆಯಲ್ಲಿ ಕಫ ಕಟ್ಟಬಾರದು ಅಂತ ಆಪರೇಷನ್ನಿನ ಮಾರನೇ ದಿನವೇ ಎಬ್ಬಿಸಿ ನಡೆಸಿದರು. ಮಗ್ಗುಲಾಗುವಾಗ ಮರದ ದಿಮ್ಮಿಯಂತೆ ಇಡೀ ಮೈ ಒಟ್ಟಿಗೆ ಹೊರಳಬೇಕು. ಬಗ್ಗೋದು, ಸೊಂಟ ತಿರುಚೋದು, ಕೊಡ ಎತ್ತೋದು ಇಲ್ಲ.

ಮನೆಯಲ್ಲಿ ಅತ್ತೆ ಅರಿಸಿನದ ಬಟ್ಟಲು ಹಿಡಿದು ಬಂದರು. "ಹೊಲಿಗೆ ಮುಟ್ಟಬೇಡಿ ಅತ್ತೆ" ಅಂದೆ. ಮೂರು ದಿನ ಮಾತಿಲ್ಲ. ಗಾಯ ಕೆಂಪಾದರೆ, ಕೀವು ಒಸರಿದರೆ, ಜ್ವರ ಬಂದರೆ, ಕಾಲು ಸೋತರೆ, ಮೂತ್ರ ಕಟ್ಟಿದರೆ ತಕ್ಷಣ ಬನ್ನಿ ಎಂದಿದ್ದರು ಡಾಕ್ಟರು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು ಎಚ್.ಡಿ. ಕೋಟೆಯ ಕಾಡಂಚಿನವರು. ಆನೆ ಕಾಟಕ್ಕೆ ರಾತ್ರಿ ಹೊರಡುವಂತಿಲ್ಲ. ಅದಕ್ಕೇ ಸಂಜೆ ನಾಲ್ಕಕ್ಕೇ ಗಾಯ ನೋಡಿ, ಜ್ವರ ಅಳೀತೀವಿ ಅಂದರು. ನಾನೂ ಹಾಗೇ ಮಾಡಿದೆ.