ಹತ್ತಡಿಯ ಕೋಣೆ

‘ಹೋಟೆಲು’ ಎಂದೊಡನೆ ನಮ್ಮವರ ಕಣ್ಣೆದುರು ಬಂದು ನಿಲ್ಲುವುದು ಇಡ್ಲಿ, ದೋಸೆ, ಕಾಫಿಯ ಲೋಟ, ಮಲಗುವ ಮಂಚವಲ್ಲ. ಮಲಗುವುದಕ್ಕೆ ನಾವು ‘ಲಾಡ್ಜು’ ಎಂಬ ಬೇರೆಯೇ ಮಾತನ್ನು ಇಟ್ಟುಕೊಂಡಿದ್ದೇವೆ. ಇಂಗ್ಲಿಷಿನ ಶಬ್ದಗಳನ್ನು ತಮಗೆ ಬೇಕಾದಂತೆ ಬಗ್ಗಿಸಿಕೊಳ್ಳುವ ಈ ವಿದ್ಯೆಯಲ್ಲಿ ಜಪಾನೀಯರು ನಮಗಿಂತ ಒಂದು ಕೈ ಮೇಲು. ಅವರು ಎರಡು ಇಂಗ್ಲಿಷ್ ಶಬ್ದಗಳನ್ನು ಜೋಡಿಸಿ ‘ಬಿಜಿನೆಸ್ ಹೋಟೆಲ್’ ಎಂಬ ಹೊಸದೊಂದು ಮಾತನ್ನು ಕಟ್ಟಿಕೊಂಡಿದ್ದಾರೆ. ಲಂಡನ್ನಿನವನು ಇದನ್ನು ಕೇಳಿದರೆ, ದೊಡ್ಡ ವರ್ತಕರು ಬಂದಿಳಿಯುವ ದುಬಾರಿಯ ಭವನವೊಂದನ್ನು ಕಲ್ಪಿಸಿಕೊಂಡಾನು. ಜಪಾನಿನಲ್ಲಿ ಅದರ ಅರ್ಥ ತೀರ ಬೇರೆ. ಕಂಪನಿಯ ಕೆಲಸದ ಮೇಲೆ ಊರೂರು ತಿರುಗುವ ಸಾಧಾರಣ ಸಂಬಳದ ನೌಕರನೊಬ್ಬನು ರಾತ್ರಿ ಬಂದು, ಮಿಂದು, ಮಲಗಿ, ಬೆಳಗಾಗುತ್ತಲೇ ಹೊರಟುಹೋಗುವುದಕ್ಕೆಂದು ಕಟ್ಟಿದ, ಅಗ್ಗದ, ಚೊಕ್ಕಟವಾದ, ಒಬ್ಬಂಟಿ ಕೋಣೆಗಳ ಕಟ್ಟಡವೇ ಬಿಜಿನೆಸ್ ಹೋಟೆಲು.

ಇದನ್ನು ನೋಡುವುದಕ್ಕೆ ಟೋಕಿಯೋ, ಒಸಾಕಗಳಂತಹ ಮಹಾನಗರಗಳಿಗಿಂತ ಕಡಲಂಚಿನ ನಡುಮಟ್ಟದ ಊರೊಂದೇ ಲೇಸು. ಷಿಕೋಕು ದ್ವೀಪದ ದಕ್ಷಿಣ ಕರಾವಳಿಯಲ್ಲಿ ಕೋಚಿ ಎಂಬ ನಗರವಿದೆ. ಕೇರಳದ ಕೊಚ್ಚಿಗೂ ಇದಕ್ಕೂ ಹೆಸರಿನ ಹೋಲಿಕೆಯ ಹೊರತು ಬೇರೆ ನಂಟಿಲ್ಲ. ಒಳನಾಡಿಗೆ ಚಾಚಿಕೊಂಡ ಉರಾದೊ ಕೊಲ್ಲಿಯ ಸುತ್ತಿನ ತಗ್ಗುನೆಲದಲ್ಲಿ ಹರಡಿಕೊಂಡ ಊರು ಇದು. 1904ರಲ್ಲಿ ಆರಂಭವಾದ ಟ್ರಾಮು ಇಂದಿಗೂ ಬೀದಿಯ ನಡುವೆ ಓಡುತ್ತದೆ. ಮುನ್ನೂರು ವರ್ಷಗಳಿಗೂ ಮೀರಿದ ಇತಿಹಾಸವುಳ್ಳ ಸಂತೆ ಈಗ ಭಾನುವಾರಗಳಂದು ಕೂಡುತ್ತದೆ. ಊರಿನ ನಡುಮಧ್ಯದಲ್ಲಿ ‘ಹರಿಮಾಯ’ ಎಂಬ ಪುಟ್ಟ ಸೇತುವೆ. ಹೆಸರನ್ನು ಕೇಳಿ ನಮ್ಮ ಪುರಾಣಗಳ ಕಡೆಗೆ ಮನಸ್ಸು ಓಡಬಾರದು. ಹರಿಮಾ-ಯ ಎಂದರೆ ಹಿಂದಿನ ಕಾಲದ ವರ್ತಕನೊಬ್ಬನ ಅಂಗಡಿಯ ಹೆಸರು, ಅಷ್ಟೇ. ರೈಲು ನಿಲ್ದಾಣದಿಂದ ಈ ಸೇತುವೆಯ ಆಸುಪಾಸಿನವರೆಗೆ ಇಂತಹ ಹೋಟೆಲುಗಳು ಒಂದಾದ ಮೇಲೊಂದು ಎದ್ದು ನಿಂತಿವೆ.

ಈ ಸೀಮೆಯ ಹಳೆಯ ಹೆಸರು ತೊಸಾ. ಜಪಾನೀ ಸಾಹಿತ್ಯವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಇಲ್ಲಿಯ ರಾಜ್ಯಪಾಲನಾಗಿದ್ದ ಕವಿ ಕಿ ನೊ ತ್ಸುರಾಯುಕಿ ತನ್ನ ಅವಧಿ ಮುಗಿಸಿ 934–935ರಲ್ಲಿ ರಾಜಧಾನಿಯಾದ ಕ್ಯೋಟೋಗೆ ಹಡಗಿನಲ್ಲಿ ಮರಳಿದ. ಆ ಪ್ರಯಾಣವನ್ನೇ ಹೆಣ್ಣೊಬ್ಬಳು ಬರೆದಂತೆ ಅವನು ಬರೆದಿಟ್ಟ ದಿನಚರಿ ‘ತೊಸಾ ನಿಕ್ಕಿ’. ಹೋಗಿ ಸೇರುವುದಕ್ಕೆ ಅವನಿಗೆ ಹಿಡಿದದ್ದು 55 ದಿನ. ಗಾಳಿಗಾಗಿ ಕಾಯುವುದು, ಕಡಲ್ಗಳ್ಳರಿಗೆ ಅಂಜುವುದು, ದಾರಿಯ ಬೀಳ್ಕೊಡುಗೆಯ ಔತಣಗಳು, ಎಲ್ಲಕ್ಕೂ ಮಿಗಿಲಾಗಿ ತೊಸಾದಲ್ಲಿ ತೀರಿಕೊಂಡ ಎಳೆಯ ಮಗಳ ನೆನಪು. 1988ರಲ್ಲಿ ಒಳಗಡಲಿನ ಮೇಲೆ ಮಹಾಸೇತುವೆ ಆದ ಬಳಿಕ ಅದೇ ದೂರ ರೈಲಿನಲ್ಲಿ ನಾಲ್ಕು ಗಂಟೆಯ ಮಾತು. ತ್ಸುರಾಯುಕಿಗೆ ದಾರಿಯುದ್ದಕ್ಕೂ ಆತಿಥೇಯರು ಬೇಕಾಗಿದ್ದರು. ಇಂದಿನ ಪ್ರಯಾಣಿಕನಿಗೆ ಬೇಕಾದದ್ದು ಒಂದು ಬೀಗದ ಕೈ.

ಈ ಬದಲಾವಣೆ ಒಮ್ಮೆಲೇ ಆದದ್ದಲ್ಲ. ಜಪಾನಿನ ಸಾಂಪ್ರದಾಯಿಕ ವಸತಿ ಎಂದರೆ ರ್ಯೋಕಾನ್. ಅಲ್ಲಿ ಸೇವಕಿ ಬಾಗಿಲಲ್ಲೇ ಎದುರುಗೊಂಡು, ಕೋಣೆಗೇ ಊಟ ತಂದು, ಉಂಡಾದ ಮೇಲೆ ಚಾಪೆಯ ಮೇಲೆ ಹಾಸಿಗೆ ಹಾಸುತ್ತಾಳೆ. ಎರಡು ಹೊತ್ತಿನ ಊಟ, ಒಂದು ರಾತ್ರಿಯ ನಿದ್ರೆ, ಎರಡನ್ನೂ ಸೇರಿಸಿ ಒಂದೇ ದರ. ಇಷ್ಟು ಉಪಚಾರವನ್ನು ಕೊಳ್ಳಲಾರದ ಸಣ್ಣ ವ್ಯಾಪಾರಿಗಳಿಗೆ ನಿಲ್ದಾಣಗಳ ಬಳಿ ವರ್ತಕರ ತಂಗುಮನೆಗಳಿದ್ದವು. ಬಿಜಿನೆಸ್ ಹೋಟೆಲಿನ ಮೂಲಪುರುಷನೆಂದು ಹೇಳುವ ‘ಹೊಕ್ಕೆ ಕ್ಲಬ್’ ಮಾತ್ರ ಹುಟ್ಟಿದ್ದು ವ್ಯಾಪಾರಿಗಳಿಗಾಗಿ ಅಲ್ಲ. ಕ್ಯೋಟೋದಲ್ಲಿ 1920ರಲ್ಲಿ, ಯಾತ್ರಿಕರಿಗಾಗಿ. ‘ಹೊಕ್ಕೆ’ ಎಂದರೆ ನಮ್ಮ ನಾಡಿನಿಂದಲೇ ಅಲ್ಲಿಗೆ ಹೋದ ಸದ್ಧರ್ಮಪುಂಡರೀಕ ಸೂತ್ರ. ಎಂದರೆ ನಮ್ಮ ಕ್ಷೇತ್ರಗಳ ಛತ್ರದಂತಹದೇ ಒಂದು ಇದರ ಮುತ್ತಜ್ಜ. 1964ರ ಅಕ್ಟೋಬರಿನಲ್ಲಿ ಟೋಕಿಯೋ–ಒಸಾಕಗಳ ನಡುವೆ ಷಿಂಕಾನ್ಸೆನ್ ರೈಲು ಓಡತೊಡಗಿ, ಕಂಪನಿಗಳು ದೇಶದ ಮೂಲೆಮೂಲೆಗೂ ತಮ್ಮವರನ್ನು ಅಟ್ಟತೊಡಗಿದ ಮೇಲೆ, ಛತ್ರದ ಮೊಮ್ಮಕ್ಕಳು ಊರೂರಿನ ನಿಲ್ದಾಣದ ಎದುರು ತಲೆಯೆತ್ತಿದವು.

ಇನ್ನು ಒಳಗೆ ಹೋಗೋಣ. ಮಧ್ಯಾಹ್ನ ಮೂರಕ್ಕೆ ಮೊದಲು ಸಾಮಾನ್ಯವಾಗಿ ಕೋಣೆ ಸಿಕ್ಕದು. ಬೆಳಗ್ಗೆ ಹತ್ತು ಹನ್ನೊಂದರ ಮೇಲೆ ಇರಗೊಡರು. ಹಣವನ್ನು ಮೊದಲೇ ತೆರಬೇಕು. ಕೋಚಿಯಂತಹ ಊರಿನಲ್ಲಿ, ದಿನವನ್ನೂ ಹಂಗಾಮನ್ನೂ ನೋಡಿಕೊಂಡು, ಸುಮಾರು 6,000ದಿಂದ 10,000 ಯೆನ್. ಜಪಾನಿನಲ್ಲಿ ಮನೆಯಿಲ್ಲದ ವಿದೇಶೀಯನಾದರೆ ಪಾಸ್‌ಪೋರ್ಟನ್ನು ತೋರಿಸಬೇಕು. ಅದರ ಸಂಖ್ಯೆಯನ್ನು ಬರೆದುಕೊಳ್ಳುವ ನಿಯಮ 2005ರಿಂದ ಇದೆ. ಈಚೆಗೆ ಹಲವೆಡೆ ಹಣ ತೆಗೆದುಕೊಂಡು ಬೀಗದ ಕಾರ್ಡನ್ನು ಕೊಡುವ ಕೆಲಸವನ್ನೂ ಯಂತ್ರವೇ ಮಾಡುತ್ತದೆ. ನೌಕರನಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ರಸೀದಿ. ಅದಿಲ್ಲದೆ ಕಂಪನಿಯಿಂದ ಹಣ ಮರಳಿ ಬಾರದು. ಈ ರಸೀದಿಯ ಸುತ್ತ ಒಂದು ಸಣ್ಣ ಜಾಣತನವೂ ಬೆಳೆದಿದೆ. ಕೋಣೆಯ ಬಾಡಿಗೆಗೆ ಸಾವಿರ ಯೆನ್ ಸೇರಿಸಿ, ಅಷ್ಟೇ ಬೆಲೆಯ ಖರೀದಿ ಕಾರ್ಡೊಂದನ್ನು ಅತಿಥಿಯ ಕೈಗೆ ಕೊಡುವ ಏರ್ಪಾಡು ಅದು. ರಸೀದಿ ಒಟ್ಟು ಮೊತ್ತಕ್ಕೆ; ಕಾರ್ಡು ನೌಕರನ ಜೇಬಿಗೆ. ಪ್ರಯಾಣಭತ್ಯದ ಬಿಲ್ಲು ಬರೆದು ಅನುಭವವಿರುವ ನಮ್ಮ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಕೋಣೆಯ ಬಾಗಿಲು ತೆರೆದವನಿಗೆ ಮೊದಲು ತೋರುವುದು ಅದರ ಕಿರಿದು. ಮಂಚ, ಗೋಡೆಗಂಟಿದ ಮೇಜು, ಒಂದು ಕುರ್ಚಿ. ಇವುಗಳ ನಡುವೆ ಒಬ್ಬ ಮನುಷ್ಯ ಅಡ್ಡತಿರುಗಿ ನಡೆಯುವಷ್ಟು ಜಾಗ. ಪೆಟ್ಟಿಗೆಯನ್ನು ಬಿಚ್ಚಬೇಕಾದರೆ ಮಂಚದ ಮೇಲೆಯೇ ಬಿಚ್ಚಬೇಕು. ಆದರೆ ಕೈ ಚಾಚಿದಲ್ಲಿ ಬೇಕಾದದ್ದು ಇದೆ: ನೀರು ಕಾಯಿಸುವ ಕೆಟಲ್, ಹಸಿರು ಚಹದ ಪೊಟ್ಟಣ, ರಾತ್ರಿಯುಡುಪು, ಚಪ್ಪಲಿ, ದಿಂಬಿನ ಪಕ್ಕದಲ್ಲೇ ದೀಪದ ಗುಂಡಿಗಳು. ಬೇಡದ್ದು ಒಂದೂ ಇಲ್ಲ. ಮಂಚವಿರುವ ಬಾಡಿಗೆ ಕೋಣೆ ಕನಿಷ್ಠ 9 ಚದರ ಮೀಟರಾದರೂ ಇರಬೇಕೆಂಬುದು ಅಲ್ಲಿಯ ವಸತಿಗೃಹಗಳ ನಿಯಮ. ಈ ಕೋಣೆಗಳು ಅದಕ್ಕಿಂತ ತುಸುವೇ ದೊಡ್ಡವು.

ಈ ಒಂಬತ್ತರ ಲೆಕ್ಕ ನನಗೆ ಇನ್ನೊಂದು ಕೋಣೆಯನ್ನು ನೆನಪಿಗೆ ತರುತ್ತದೆ. 1212ರಲ್ಲಿ ಕಾಮೊ ನೊ ಚೋಮೇ ಎಂಬ ಸಂನ್ಯಾಸಿ ಕವಿ ಕ್ಯೋಟೋದ ಹೊರಗಿನ ಬೆಟ್ಟದಲ್ಲಿ ಕುಳಿತು ‘ಹೋಜೋಕಿ’ ಎಂಬ ಕಿರುಕೃತಿಯನ್ನು ಬರೆದ. ‘ಹೋಜೋ’ ಎಂದರೆ ಹತ್ತಡಿ ಚಚ್ಚೌಕದ ಗುಡಿಸಲು. ಈಗಿನ ಅಳತೆಯಲ್ಲಿ ಒಂಬತ್ತು ಚದರ ಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. ನಿಯಮವನ್ನು ಮಾಡಿದ ಅಧಿಕಾರಿಗಳು ಕವಿಯನ್ನು ಓದಿಕೊಂಡು ಮಾಡಿದರೆಂದು ಹೇಳಲಾರೆ. ಆದರೂ ಹೋಲಿಕೆ ಸೊಗಸಾಗಿದೆ. ಚೋಮೇಯ ಮನಸ್ಸಿನಲ್ಲಿದ್ದ ಮಾದರಿ ನಮ್ಮ ವೈಶಾಲಿಯ ಗೃಹಸ್ಥ ವಿಮಲಕೀರ್ತಿಯ ಕೋಣೆ. ಬೌದ್ಧಸೂತ್ರದ ಪ್ರಕಾರ ಆ ಪುಟ್ಟ ಕೋಣೆಯಲ್ಲಿ 32,000 ಸಿಂಹಾಸನಗಳು ಒಂದಕ್ಕೊಂದು ತಾಕದೆ ಹಿಡಿಸಿದವಂತೆ. ಚೋಮೇಯ ಗುಡಿಸಲು ಬಿಚ್ಚಿ ಎರಡು ಬಂಡಿಗಳಲ್ಲಿ ಹೇರಿಕೊಂಡು ಹೋಗಬಹುದಾದಂತಹದು. ಬೆಂಕಿ, ಸುಂಟರಗಾಳಿ, ಕ್ಷಾಮ, 1185ರ ಮಹಾಭೂಕಂಪ, ಇವೆಲ್ಲವನ್ನೂ ಕಣ್ಣಾರೆ ಕಂಡ ಮೇಲೆ ದೊಡ್ಡ ಮನೆಯ ಮೇಲಿನ ನಂಬಿಕೆ ಅವನಿಗೆ ಹೊರಟುಹೋಗಿತ್ತು.

ಬಚ್ಚಲುಮನೆಯ ವಿಷಯವನ್ನು ಬಿಟ್ಟರೆ ಈ ಕೋಣೆಯ ಕಥೆ ಅಪೂರ್ಣ. ತೊಟ್ಟಿ, ಕೈತೊಳೆಯುವ ಬೋಗುಣಿ, ಶೌಚದ ಪೀಠ, ಮೂರನ್ನೂ ಒಳಗೊಂಡ ಒಂದೇ ಪೆಟ್ಟಿಗೆಯಂತಹ ರಚನೆ. ಒಂದೇ ನಲ್ಲಿಯನ್ನು ಅತ್ತ ತಿರುಗಿಸಿದರೆ ಬೋಗುಣಿಗೆ, ಇತ್ತ ತಿರುಗಿಸಿದರೆ ತೊಟ್ಟಿಗೆ. ಇದಕ್ಕೆ ‘ಯೂನಿಟ್ ಬಾತ್’ ಎಂದು ಹೆಸರು. 1964ರ ಟೋಕಿಯೋ ಒಲಿಂಪಿಕ್ಸಿಗೆ ಮುನ್ನ, ಸಾವಿರಕ್ಕೂ ಹೆಚ್ಚು ಕೋಣೆಗಳ ಹೋಟೆಲ್ ನ್ಯೂ ಓತಾನಿಯನ್ನು ಒಂದೂವರೆ ವರ್ಷದೊಳಗೆ ಕಟ್ಟಿ ಮುಗಿಸಬೇಕಾಗಿ ಬಂತು. ಒಂದೊಂದು ಬಚ್ಚಲಿಗೂ ಗಾರೆ ಮೆತ್ತಿ, ಬಿಲ್ಲೆ ಅಂಟಿಸಿ, ಒಣಗುವವರೆಗೆ ಕಾದರೆ ಕ್ರೀಡೆಗಳು ಮುಗಿದೇ ಹೋದಾವು. ಆಗ ಬಚ್ಚಲನ್ನೇ ಕಾರ್ಖಾನೆಯಲ್ಲಿ ತಯಾರಿಸಿ ತಂದು ಕಟ್ಟಡದೊಳಗೆ ಇಳಿಸುವ ಉಪಾಯವನ್ನು ಮಾಡಿದರು. ಗಾರೆಯ ಭಾರವೂ ತಪ್ಪಿತು, ಕಾಲವೂ ಉಳಿಯಿತು. ಹೀಗೆ ಐಷಾರಾಮದ ಹೋಟೆಲಿನ ಅವಸರದಲ್ಲಿ ಹುಟ್ಟಿದ ಕೂಸು ಬಡ ಹೋಟೆಲುಗಳ ಮನೆಮಗನಾಗಿ ಬೆಳೆಯಿತು.

ಮೇಜಿನ ಸೆಳೆಖಾನೆಯನ್ನು ಎಳೆದು ನೋಡಿದರೆ ಅನೇಕ ಕಡೆ ಬೈಬಲ್ಲಿನ ಜೊತೆಗೆ ‘ಬುದ್ಧನ ಬೋಧನೆ’ ಎಂಬ ಪುಸ್ತಕ ಸಿಗುತ್ತದೆ. ಇದನ್ನು ಹಂಚುವ ಸಂಸ್ಥೆಯನ್ನು 1965ರಲ್ಲಿ ಆರಂಭಿಸಿದ ನುಮಾತ ಎಹಾನ್ ಎಂಬವರು ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರುಗಳ ಕಾರ್ಖಾನೆಯ ಸ್ಥಾಪಕರು. ಅಳತೆಗೆ ಸಿಕ್ಕುವುದನ್ನು ಮಾರಿ, ಸಿಕ್ಕದ್ದನ್ನು ಹಂಚಿದವರು.

ಬೆಳಗಿನ ಉಪಾಹಾರಕ್ಕೆ ಕೆಳಗಿಳಿದರೆ ಅನ್ನ, ಮಿಸೋ ಸಾರು, ಸುಟ್ಟ ಮೀನು, ಉಪ್ಪಿನಲ್ಲಿ ಹಾಕಿದ ತರಕಾರಿ. ನಮ್ಮ ಸಸ್ಯಾಹಾರಿಗಳು ಇಲ್ಲಿ ಎಚ್ಚರವಾಗಿರಬೇಕು. ಸೋಯಾ ಹಿಟ್ಟಿನ ಸಾರು ನೋಡುವುದಕ್ಕೆ ನಿರಪಾಯವಾದರೂ ಅದರ ರುಚಿಯ ಮೂಲ ಸಾಧಾರಣವಾಗಿ ಒಣಗಿಸಿದ ಬೊನಿಟೋ ಮೀನಿನ ಹೆರೆತ. ಆ ಮೀನಿಗೆ ಹೆಸರಾದದ್ದೇ ಈ ತೊಸಾ ಸೀಮೆ. ಆದರೆ ಊಟಕ್ಕಿಂತ ಹೆಚ್ಚಾಗಿ ಗಮನಕ್ಕೆ ಬರುವುದು ಅಲ್ಲಿಯ ಮೌನ. ತಟ್ಟೆಯೊಡನೆ ಒಬ್ಬೊಬ್ಬರೇ ಕುಳಿತು, ಒಬ್ಬರ ಮುಖವನ್ನೊಬ್ಬರು ನೋಡದೆ ಉಂಡು, ತಟ್ಟೆಯನ್ನು ತಾವೇ ಮರಳಿಸಿ ಎದ್ದುಹೋಗುತ್ತಾರೆ. ರ್ಯೋಕಾನಿನಲ್ಲಿ ಅತಿಥಿ ಏನನ್ನೂ ಕೇಳಬೇಕಾಗಿಲ್ಲ, ಏಕೆಂದರೆ ಕೇಳುವ ಮೊದಲೇ ಯಾರೋ ತಂದುಕೊಡುತ್ತಾರೆ. ಇಲ್ಲಿಯೂ ಏನನ್ನೂ ಕೇಳಬೇಕಾಗಿಲ್ಲ. ಏಕೆಂದರೆ ಯಾರೂ ಬೇಕಾಗದ ಹಾಗೆ ಎಲ್ಲವನ್ನೂ ಮೊದಲೇ ಜೋಡಿಸಿಟ್ಟಿದ್ದಾರೆ. ಎರಡನೆಯದನ್ನು ಆತಿಥ್ಯವೆನ್ನಬಹುದೇ ಎಂದು ಕೇಳುವವರುಂಟು. ಕೆಲಸ ಮಾಡಿ ದಣಿದು ಬಂದವನಿಗೆ ಮಾತನಾಡದೆ ಇರುವ ಸ್ವಾತಂತ್ರ್ಯವನ್ನು ಕೊಡುವುದೂ ಒಂದು ಉಪಚಾರವೆಂದೇ ನನ್ನ ಎಣಿಕೆ.

ಆದರೆ ಕೋಚಿಯಲ್ಲಿ ಈ ಕಟ್ಟಡಗಳಿಗೆ ಇನ್ನೊಂದು ಮುಖವಿದೆ. ಜಪಾನಿನ ಹೋಟೆಲು ಕೋಣೆಗಳ ಬಾಗಿಲಿನ ಒಳಮೈಯಲ್ಲಿ ತಪ್ಪಿಸಿಕೊಳ್ಳುವ ದಾರಿಯ ನಕ್ಷೆ ಇರುತ್ತದೆ; ಮಂಚದ ಬಳಿ ಗೋಡೆಗೆ ಸಿಕ್ಕಿಸಿದ ಕೈದೀಪ. 1982ರ ಫೆಬ್ರವರಿ 8ರಂದು ಟೋಕಿಯೋದ ಹೋಟೆಲ್ ನ್ಯೂ ಜಪಾನಿಗೆ ಬೆಂಕಿ ಬಿದ್ದು 33 ಮಂದಿ ಸತ್ತದ್ದನ್ನು ಬಲ್ಲವರು ಆ ನಕ್ಷೆಯನ್ನು ನೋಡದೆ ಮಲಗಲಾರರು. ಆದರೆ ಕಡಲಂಚಿನ ಊರಿನಲ್ಲಿ ಕೆಳಗಿಳಿದು ಓಡುವ ದಾರಿಯೊಂದೇ ಸಾಲದು, ಮೇಲಕ್ಕೆ ಹತ್ತುವ ದಾರಿಯೂ ಬೇಕು. 1946ರ ಡಿಸೆಂಬರ್ 21ರ ನಸುಕಿನಲ್ಲಿ, ನಾಲ್ಕು ಗಂಟೆ ಕಳೆದು ಕೆಲವೇ ನಿಮಿಷಗಳಾಗಿದ್ದಾಗ, ನಾನ್ಕಾಯ್ ಭೂಕಂಪವಾಯಿತು. ಕೋಚಿಯ ನೆಲ ಒಂದು ಮೀಟರಿಗೂ ಹೆಚ್ಚು ಕುಸಿದು, ಊರಿನೊಳಕ್ಕೆ ನುಗ್ಗಿದ ಕಡಲು ದಿನಗಟ್ಟಲೆ ಹಿಂದೆ ಸರಿಯಲಿಲ್ಲ. 1707ರಲ್ಲೂ 1854ರಲ್ಲೂ ಹೀಗೆಯೇ ಆಗಿತ್ತು. ಮುಂದೆಯೂ ಆಗುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಸಂದೇಹವಿಲ್ಲ. 2012ರಲ್ಲಿ ಸರ್ಕಾರ ಹೊರಡಿಸಿದ ಅಂದಾಜಿನಲ್ಲಿ ಇದೇ ಜಿಲ್ಲೆಯ ಕುರೋಷಿಯೊ ಎಂಬ ಪಟ್ಟಣಕ್ಕೆ ಬರಬಹುದಾದ ಅಲೆಯ ಗರಿಷ್ಠ ಎತ್ತರ 34 ಮೀಟರು.

ಗುಡ್ಡಗಳು ದೂರವಿರುವ ತಗ್ಗುನೆಲದ ಕೇರಿಗಳಲ್ಲಿ ಜನರು ಎಲ್ಲಿಗೆ ಓಡಬೇಕು? ಅದಕ್ಕೆಂದು ನಗರಾಡಳಿತ ಗಟ್ಟಿಯಾದ ಎತ್ತರದ ಕಟ್ಟಡಗಳನ್ನು ‘ತ್ಸುನಾಮಿ ಆಶ್ರಯ ಕಟ್ಟಡ’ಗಳೆಂದು ಗುರುತಿಸಿದೆ. ಶಾಲೆಗಳು, ವಸತಿ ಸಮುಚ್ಚಯಗಳು, ಕಚೇರಿಗಳ ಜೊತೆಗೆ ಹೋಟೆಲುಗಳೂ ಇದಕ್ಕೆ ಒದಗುತ್ತವೆ. ಅಲೆಯಿಂದ ಓಡಿ ಕಟ್ಟಡವನ್ನು ಸೇರುವ ಮನುಷ್ಯನ ಹಸಿರು ಚಿತ್ರವನ್ನು ಬಾಗಿಲ ಬಳಿ ಅಂಟಿಸಿರುತ್ತಾರೆ. ಬಾಡಿಗೆ ತೆತ್ತವನು ಯಾರ ಮುಖವನ್ನೂ ನೋಡದೆ ಬಂದುಹೋಗುವಂತೆ ಕಟ್ಟಿದ ಮನೆ, ಆ ಘಳಿಗೆಯಲ್ಲಿ ಎದುರಂಗಡಿಯ ಮುದುಕಿ, ಟ್ರಾಮಿನ ಪ್ರಯಾಣಿಕರು, ಶಾಲೆಯ ಮಕ್ಕಳು, ಎಲ್ಲರಿಗೂ ಮೆಟ್ಟಿಲು ಬಿಟ್ಟುಕೊಡಬೇಕಾಗುತ್ತದೆ. ಆಗ ರಸೀದಿಯಿಲ್ಲ, ಪಾಸ್‌ಪೋರ್ಟೂ ಇಲ್ಲ.

ಕೋಚಿಯಲ್ಲಿ ಬೆಳೆದ ಭೌತವಿಜ್ಞಾನಿ, ಕಾದಂಬರಿಕಾರ ನಾತ್ಸುಮೆ ಸೋಸೆಕಿಯ ಶಿಷ್ಯ, ಒಳ್ಳೆಯ ಪ್ರಬಂಧಕಾರ ತೆರಾದ ತೊರಾಹಿಕೊ 1933ರಲ್ಲಿ ತ್ಸುನಾಮಿಯನ್ನೂ ಮನುಷ್ಯನನ್ನೂ ಕುರಿತು ಒಂದು ಪ್ರಬಂಧ ಬರೆದ. ಈಶಾನ್ಯ ಕರಾವಳಿಯನ್ನು 1896ರಲ್ಲಿ ಬಡಿದ ಅಲೆ 37 ವರ್ಷಗಳ ಮೇಲೆ ಮತ್ತೆ ಬಂದಾಗ, ಮೊದಲಿನದನ್ನು ಕಂಡವರು ಮುದುಕರಾಗಿದ್ದರು, ಕೇಳಿದವರು ಮರೆತಿದ್ದರು ಎಂಬುದು ಅವನ ವಾದದ ತಿರುಳು. ಹೋಜೋಕಿಯ ಕವಿ ಏಳು ಶತಮಾನಗಳ ಹಿಂದೆ ಭೂಕಂಪದ ವಿಷಯದಲ್ಲಿ ಗಮನಿಸಿದ್ದೂ ಇದನ್ನೇ: ಕೆಲವು ದಿನ ಲೋಕದ ನಶ್ವರತೆಯ ಮಾತು, ತಿಂಗಳುಗಳು ಉರುಳಿದಂತೆ ಆ ಮಾತೂ ನಿಂತುಹೋಯಿತು.

2024ರ ಆಗಸ್ಟ್ 8ರಂದು ಪಕ್ಕದ ಕ್ಯೂಷೂ ದ್ವೀಪದಾಚೆಯ ಕಡಲಲ್ಲಿ 7.1 ಪ್ರಮಾಣದ ಭೂಕಂಪವಾದಾಗ, ಮಹಾಕಂಪದ ಸಂಭವ ಎಂದಿಗಿಂತ ಹೆಚ್ಚಿದೆಯೆಂದು ಹವಾಮಾನ ಇಲಾಖೆ ಮೊತ್ತಮೊದಲ ಬಾರಿಗೆ ಎಚ್ಚರಿಕೆ ಕೊಟ್ಟಿತು. ಒಂದು ವಾರ ಜಾಗರೂಕರಾಗಿರಬೇಕೆಂದಿತು. ಕೋಚಿಯಲ್ಲಿ ಮರುದಿನವೇ ಯೊಸಾಕೋಯಿ ಉತ್ಸವದ ಆರಂಭ. 1954ರಿಂದ ಬಂದ ಈ ಕುಣಿತದ ಹಬ್ಬಕ್ಕೆ ದೂರದೂರುಗಳಿಂದ ತಂಡಗಳು ಬರುತ್ತವೆ, ಆ ದಿನಗಳಲ್ಲಿ ಊರಿನ ಕೋಣೆಗಳಿಗೆ ಬೆಲೆ ಏರುತ್ತದೆ. ಆ ವರ್ಷ ಹಲವರು ಕೋಣೆಗಳನ್ನು ರದ್ದುಮಾಡಿದರು. ಉಳಿದವರು ಬಂದರು, ಅಪಾಯವಾದರೆ ಯಾವ ಕಡೆಗೆ ಹೋಗಬೇಕೆಂದು ತಿಳಿಸಿ ಉತ್ಸವವನ್ನು ನಡೆಸಿದರು. ಮರದ ತಾಳಗಳ ಸದ್ದಿನೊಡನೆ ಬೀದಿಬೀದಿಯಲ್ಲಿ ಕುಣಿತ ನಡೆಯಿತು. ಆಗಸ್ಟ್ 15ರ ಸಂಜೆ ಎಚ್ಚರಿಕೆಯ ವಾರ ಮುಗಿಯಿತು.