ನಡುಹಗಲಿನ ಉದ್ದ ನೆರಳು

ಮಕ್ಕಳೇ, ವರ್ಷದಲ್ಲಿ ಅತಿ ಕಡಿಮೆ ಹಗಲು ಇರುವ ದಿನ ಯಾವುದು ಗೊತ್ತೇ? ಡಿಸೆಂಬರ್ 21 ಅಥವಾ 22. ಅಂದು ಬೆಂಗಳೂರಿನಲ್ಲಿ ಹಗಲು ಸುಮಾರು 11 ಗಂಟೆ 22 ನಿಮಿಷ. ಬೀದರಿನಲ್ಲಿ ಇನ್ನೂ ಕಡಿಮೆ, ಸುಮಾರು 11 ಗಂಟೆ 3 ನಿಮಿಷ.

ಇರಾನ್ ದೇಶದಲ್ಲಿ ಅಂದಿನ ದೀರ್ಘ ರಾತ್ರಿಯನ್ನು ‘ಯಲ್ದಾ’ ಎನ್ನುತ್ತಾರೆ. ನೆಂಟರಿಷ್ಟರು ಹಿರಿಯರ ಮನೆಯಲ್ಲಿ ಸೇರುತ್ತಾರೆ. ದಾಳಿಂಬೆ, ಕಲ್ಲಂಗಡಿ ತಿನ್ನುತ್ತಾ ತಡರಾತ್ರಿಯವರೆಗೂ ಎಚ್ಚರವಾಗಿರುತ್ತಾರೆ. ಹಾಫಿಜ್ ಎಂಬ ಕವಿಯ ಪುಸ್ತಕವನ್ನು ತೆರೆದು ಗಟ್ಟಿಯಾಗಿ ಓದುತ್ತಾರೆ. ಇನ್ನೂ ಓದಲು ಬಾರದ ಪುಟಾಣಿಗಳೂ ಪಕ್ಕದಲ್ಲಿ ಕುಳಿತು ಕೇಳುತ್ತವೆ. ನಿಮ್ಮ ಶಾಲೆಯಲ್ಲೂ ಇಂಥದೊಂದು ಕೂಟ ಮಾಡಬಹುದಲ್ಲವೇ? ರಾತ್ರಿ ಬೇಡ, ನಡುಹಗಲಲ್ಲಿ ಮಾಡೋಣ. ಅಪ್ಪ, ಅಮ್ಮ, ಅಜ್ಜಿಯರನ್ನೂ ಕರೆಯಿರಿ. ಒಂದನೇ ತರಗತಿಯ ಮಕ್ಕಳನ್ನಂತೂ ಮರೆಯಬೇಡಿ.

ಮೊದಲು ಕಾರಣ ತಿಳಿಯೋಣ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ಓರೆಯಾಗಿದೆ. ಡಿಸೆಂಬರಿನಲ್ಲಿ ಉತ್ತರ ಧ್ರುವ ಸೂರ್ಯನಿಂದ ಆಚೆಗೆ ವಾಲಿರುತ್ತದೆ. ಆದ್ದರಿಂದ ನಮಗೆ ಸೂರ್ಯ ದಕ್ಷಿಣದ ಕಡೆ ತಗ್ಗಿದಂತೆ ಕಾಣುತ್ತಾನೆ. ಸೂರ್ಯ ದೂರ ಹೋಗುವುದರಿಂದ ಚಳಿ ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದೇ ಜನವರಿಯ ಮೊದಲ ವಾರದಲ್ಲಿ!

ಈಗ ಕೆಲಸಕ್ಕೆ ಇಳಿಯಿರಿ. ನೆಲದಿಂದ ಮೇಲೆ ಸರಿಯಾಗಿ 1 ಮೀಟರ್ ಇರುವಂತೆ ಒಂದು ಕೋಲನ್ನು ಬಯಲಿನಲ್ಲಿ ನೆಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೇ ನೋಡಿಕೊಳ್ಳಿ. 12 ಗಂಟೆಯಿಂದ 12-40ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ. ಎಲ್ಲಕ್ಕಿಂತ ಗಿಡ್ಡ ನೆರಳು ಯಾವುದೋ ಅದೇ ನಿಜವಾದ ನಡುಹಗಲಿನ ನೆರಳು. ಅದು ನೇರ ಉತ್ತರಕ್ಕೆ ಚಾಚಿರುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 12-18ಕ್ಕೆ ಸಿಗುತ್ತದೆ, ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ತಡ. ಉದ್ದ ಬೆಂಗಳೂರಿನಲ್ಲಿ ಸುಮಾರು 74 ಸೆಂ.ಮೀ., ಧಾರವಾಡದಲ್ಲಿ 81, ಬೀದರಿನಲ್ಲಿ 88. ವರ್ಷದ ಬೇರೆ ಯಾವ ಕಾಲದಲ್ಲೂ ನಡುಹಗಲಿನ ನೆರಳು ಇಷ್ಟು ಉದ್ದ ಇರುವುದಿಲ್ಲ. ಅಂದು ಭಾನುವಾರವಾದರೆ ಚಿಂತೆ ಬೇಡ. ಹಿಂದಿನ ದಿನ, ಮರುದಿನ ಅಳೆದರೂ ನಿಮ್ಮ ಅಳತೆಪಟ್ಟಿಗೆ ವ್ಯತ್ಯಾಸ ಗೊತ್ತಾಗದು. ನೆರಳನ್ನಷ್ಟೇ ನೋಡಿ, ಸೂರ್ಯನನ್ನು ನೇರವಾಗಿ ನೋಡಬೇಡಿ.

ಗುರುತುಗಳ ನಡುವೆ ಐದು ನಿಮಿಷ ಬಿಡುವು ಇರುತ್ತದಲ್ಲ, ಆಗ ಚಿಕ್ಕವರಿಗೆ ಓದು ಕಲಿಸಿ. ರಟ್ಟಿನ ಮೇಲೆ ದೊಡ್ಡದಾಗಿ ಕೋಲು, ನೆರಳು, ಕಲ್ಲು, ದಾರ ಎಂದು ಒಂದೊಂದೇ ಪದ ಬರೆದಿಟ್ಟುಕೊಂಡಿರಿ. ವಸ್ತು ಕಣ್ಣೆದುರೇ ಇದೆ, ಹೆಸರು ಕೈಯಲ್ಲಿದೆ. ‘ನೆರಳು’ ಪದದಲ್ಲಿ ಮೂರು ಅಕ್ಷರ. ಒಂದೊಂದರ ಕೆಳಗೂ ಬೆರಳಿಟ್ಟು ನೆ, ರ, ಳು ಎಂದು ನಿಧಾನವಾಗಿ ಹೇಳಿಸಿ, ಆಮೇಲೆ ಕೂಡಿಸಿ ಹೇಳಿಸಿ.

ಇಲ್ಲಿ ಒಂದು ಮೋಸ ಇದೆ, ಗಮನಿಸಿ. ಕೆಲವು ಮಕ್ಕಳು ಅಕ್ಷರ ನೋಡುವುದೇ ಇಲ್ಲ. ನಿಮ್ಮ ತುಟಿ ನೋಡಿ ಹೇಳುತ್ತಾರೆ, ಇಲ್ಲವೇ ರಟ್ಟುಗಳ ಸಾಲನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಎಲ್ಲರೂ ‘ಇವನಿಗೆ ಓದು ಬಂತು’ ಎಂದುಕೊಳ್ಳುತ್ತಾರೆ. ಅವನೋ ನಾಲ್ಕನೇ ತರಗತಿಗೆ ಬಂದರೂ ತಡವರಿಸುತ್ತಾನೆ. ಆದ್ದರಿಂದ ರಟ್ಟುಗಳನ್ನು ಕಲಸಿ ಕೊಡಿ. ‘ಕೋಲು’, ‘ಕಲ್ಲು’ ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಯಾವುದೆಂದು ಕೇಳಿ. ಆಗ ಒತ್ತಕ್ಷರವನ್ನೂ ‘ಕೋ’ದ ಗುಣಿತವನ್ನೂ ನೋಡಲೇಬೇಕಾಗುತ್ತದೆ. ಮಗು ತಡೆದರೆ ಉತ್ತರ ಹೇಳಿಬಿಡಬೇಡಿ, ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ನಗುವುದಂತೂ ಬೇಡವೇ ಬೇಡ. ಒಮ್ಮೆ ನಕ್ಕರೆ ಕೆಲವರು ಮತ್ತೆ ಬಾಯಿಯನ್ನೇ ತೆರೆಯುವುದಿಲ್ಲ.

ಕೂಟಕ್ಕೆ ಬಂದ ಅಜ್ಜಿ, “ಉತ್ತರಾಯಣ ಸಂಕ್ರಾಂತಿಗಲ್ಲವೇ?” ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ! ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರಿನಲ್ಲೇ. ಆದರೆ ಸಂಕ್ರಾಂತಿಯನ್ನು ನಕ್ಷತ್ರಗಳ ಲೆಕ್ಕದಲ್ಲಿ, ಅಂದರೆ ಸೂರ್ಯ ಮಕರ ರಾಶಿಗೆ ಬರುವ ದಿನದಂದು ಆಚರಿಸುತ್ತೇವೆ. ಭೂಮಿಯ ಅಕ್ಷ ಬುಗುರಿಯಂತೆ ಬಲು ನಿಧಾನವಾಗಿ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ! ಇದರಿಂದ ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಹೆಚ್ಚು. 20ನ್ನು 72ರಿಂದ ಗುಣಿಸಿ ನೋಡಿ. 1,440 ನಿಮಿಷ, ಅಂದರೆ ಒಂದು ದಿನ. ಹೀಗೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸಂಕ್ರಾಂತಿ ಮುಂದೆ ಸರಿದಿದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಅಜ್ಜಿಯ ಮಾತು ಆಗಿನ ಕಾಲಕ್ಕೆ ಸರಿ.

ಕೊನೆಯಲ್ಲಿ ದಿನಾಂಕ, ವೇಳೆ, ನೆರಳಿನ ಉದ್ದವನ್ನು ಹಲಗೆಯ ಮೇಲೆ ಬರೆಯಿರಿ. ಅದನ್ನು ಎಲ್ಲರೆದುರು ಓದುವ ಕೆಲಸ ಒಂದನೇ ತರಗತಿಯವರಿಗೇ ಇರಲಿ. ಬರೆದದ್ದನ್ನು ನೋಟ್‌ಬುಕ್ಕಿನಲ್ಲಿ ಉಳಿಸಿಕೊಂಡು, ಜೂನ್ 21ರಂದು ಮೋಡವಿಲ್ಲದಿದ್ದರೆ ಅದೇ ಕೋಲು ನೆಟ್ಟು ಮತ್ತೆ ಅಳೆಯಿರಿ. ಅಷ್ಟರಲ್ಲಿ ಆ ಪುಟಾಣಿಗಳು ಎರಡನೇ ತರಗತಿಗೆ ಬಂದಿರುತ್ತಾರೆ. ಈ ಸಲ ನೆರಳು ಯಾವ ದಿಕ್ಕಿಗೆ ಬಿದ್ದಿದೆ ಎಂದು ಅವರೇ ಬರೆಯಲಿ. ಅದು ಉತ್ತರಕ್ಕಲ್ಲ, ದಕ್ಷಿಣಕ್ಕೆ!