ಫೋಟೊ ಮಾಸಿತು, ಕಲ್ಲು ಉಳಿಯಿತು: ಕಪ್ಪಗಲ್ಲು ಗುಡ್ಡದ ಕಥೆ

ಬಳ್ಳಾರಿ ಕೋಟೆಗುಡ್ಡವನ್ನು ಹಿಂದೆ ಬಿಟ್ಟು ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ಸಾಗಿದರೆ ಸಂಗನಕಲ್ಲು, ಅದರ ಮಗ್ಗುಲಿಗೆ ಕಪ್ಪಗಲ್ಲು. ಊರಿಗಿಂತ ಮೊದಲು ಗುಡ್ಡ ಕಾಣುತ್ತದೆ. ಬಿಸಿಲಿಗೆ ಬೆಳ್ಳಗಾದ ಗ್ರಾನೈಟ್ ಬಂಡೆಗಳ ರಾಶಿಯ ಮೇಲೆ ಅಡ್ಡಕ್ಕೆ ಗೋಡೆ ಕಟ್ಟಿದಂತೆ ಒಂದು ಕಪ್ಪು ಕಲ್ಲಿನ ಸಾಲು. ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಡೈಕ್ ಅನ್ನುತ್ತಾರೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಕಟ್ಟಿಕೊಂಡು ಬಾಳಿದ ಜನ ಇದೇ ಕಪ್ಪು ಕಲ್ಲನ್ನು ಒಡೆದು ಕೊಡಲಿ ಮಾಡಿದರು, ಇದರ ಮೈಮೇಲೆಯೇ ಚಿತ್ರ ಕೆತ್ತಿದರು.

ಹೊರಗಿನ ಲೋಕಕ್ಕೆ ಈ ಚಿತ್ರಗಳ ಸುದ್ದಿ ತಲುಪಿದ್ದು 1892ರಲ್ಲಿ. ಹ್ಯೂಬರ್ಟ್ ನಾಕ್ಸ್ ಎಂಬಾತನ ಕಣ್ಣಿಗೆ ಬಿದ್ದ ಕೆತ್ತನೆಗಳ ಬಗ್ಗೆ ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಅದೇ ವರ್ಷ ‘ಏಷ್ಯಾಟಿಕ್ ಕ್ವಾರ್ಟರ್ಲಿ ರಿವ್ಯೂ’ದಲ್ಲಿ ಬರೆದ. ವಯನಾಡಿನ ಎಡಕ್ಕಲ್ ಗುಹೆಯ ಕೆತ್ತನೆಗಳನ್ನು ಬೆಳಕಿಗೆ ತಂದವನೂ ಇವನೇ. ಆಗ ತೆಗೆದ ಫೋಟೊಗಳು ಲಂಡನ್ನಿನ ರಾಯಲ್ ಆಂಥ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟ್ ಸೇರಿದವು, ಸೇರಿದಲ್ಲೇ ಮಾಸಿದವು. ಅತ್ತ ಫೋಟೊ ಅಳಿಸುತ್ತ ಬಂದರೆ ಇತ್ತ ಜಾಗವೇ ವಿದ್ವಾಂಸರ ಕೈತಪ್ಪಿತು. ಆಮೇಲೆ ಹುಡುಕಿಕೊಂಡು ಬಂದವರಿಗೆ ಕೆತ್ತನೆಗಳು ಸಿಗಲಿಲ್ಲವಂತೆ. ಬುಡದಲ್ಲಿ ಕುರಿ ಮೇಯಿಸುವವರನ್ನು ಕೇಳಿದ್ದರೆ ಸಿಗುತ್ತಿತ್ತೇನೋ!

1951ರಲ್ಲಿ ಸಂಶೋಧಕ ಡಿ. ಎಚ್. ಗಾರ್ಡನ್ ‘ಮ್ಯಾನ್’ ಪತ್ರಿಕೆಯಲ್ಲಿ ಈ ಕೆತ್ತನೆಗಳ ಮೇಲೆ ಲೇಖನ ಬರೆದಾಗ ಅದರ ತಲೆಬರಹದಲ್ಲಿ ಗುಡ್ಡದ ವಿಳಾಸ ‘ಬಳ್ಳಾರಿ, ಮದ್ರಾಸ್’. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಇಲ್ಲಿಂದ ಹೋದ ಹಳೆಯ ವಸ್ತುಗಳು ಮಾತ್ರ ಮದರಾಸಿನಲ್ಲೇ ಉಳಿದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯಲ್ಲಿ ಹೆಕ್ಕಿದ ಶಿಲಾಯುಧಗಳು ಇಂದಿಗೂ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಪಟ್ಟಿ ಅಚ್ಚಾಗಿದ್ದು 1914ರಲ್ಲಿ, ಅಷ್ಟರಲ್ಲಿ ಫೂಟ್ ತೀರಿಕೊಂಡು ಎರಡು ವರ್ಷವಾಗಿತ್ತು. ಇಲ್ಲಿನ ಹಿರೇಗುಡ್ಡದಲ್ಲಿ ಕೊಡಲಿ ತಯಾರಿಯ ದೊಡ್ಡ ಕಾರ್ಖಾನೆಯೇ ಇತ್ತೆಂದು ಗುರುತಿಸಿದವನು ಆತ. ಡಾಲರೈಟ್ ಗುಂಡನ್ನು ಚಕ್ಕೆ ಎಬ್ಬಿಸಿ ಆಕಾರಕ್ಕೆ ತಂದು, ಗ್ರಾನೈಟ್ ಹಾಸಿನ ಮೇಲೆ ಉಜ್ಜಿ ಅಲಗು ಮಾಡುತ್ತಿದ್ದರು. ಉಜ್ಜಿ ಉಜ್ಜಿ ನುಣುಪಾದ ಉದ್ದನೆಯ ತೋಡುಗಳ ಮೇಲೆ ಈಗಲೂ ಅಂಗೈ ಆಡಿಸಬಹುದು.

ಕೆತ್ತನೆಗಳಲ್ಲಿ ದನಗಳದ್ದೇ ದರಬಾರು. ಡುಬ್ಬ, ನೀಳವಾಗಿ ಬಾಗಿದ ಕೊಂಬು, ಮಿಕ್ಕಂತೆ ಮೈಗೆ ನಾಲ್ಕೇ ಗೆರೆ. ನಡುನಡುವೆ ಗಂಡಾಳುಗಳು, ಕೆಲವೆಡೆ ಮುಚ್ಚುಮರೆಯಿಲ್ಲದ ಕಾಮದ ಚಿತ್ರಗಳು. ಕಪ್ಪು ಕಲ್ಲಿನ ಮೇಲ್ಪದರ ಕುಟ್ಟಿದರೆ ಒಳಗಿನ ತಿಳಿಬಣ್ಣ ಹೊರಬರುತ್ತದೆ, ಶತಮಾನಗಳು ಕಳೆದಂತೆ ಅದೂ ಕಪ್ಪಾಗುತ್ತದೆ. ಹಾಗಾಗಿ ತೀರ ಹಳೆಯ ಎತ್ತು ಕಾಣಬೇಕಾದರೆ ಬಿಸಿಲು ಓರೆಯಾಗಿ ಬೀಳಬೇಕು. ಕೆಲವನ್ನಂತೂ ಬಂಡೆಗೆ ಜೋತುಬಿದ್ದೇ ಕೆತ್ತಿರಬೇಕು, ಅಂಥ ಜಾಗದಲ್ಲಿವೆ. ನೋಡುವವರ ಅನುಕೂಲ ಕೆತ್ತಿದವರ ಲೆಕ್ಕದಲ್ಲಿ ಇದ್ದಂತಿಲ್ಲ.

ಇವುಗಳ ನಡುವೆ ಕೆಲವು ಗುಂಡುಗಳ ಮೈಮೇಲೆ ಕುಟ್ಟಿ ಸವೆದ ಕುಳಿಗಳಿವೆ. ಅಲ್ಲಿಗೆ ಮುಷ್ಟಿಗಾತ್ರದ ಗ್ರಾನೈಟ್ ಕಲ್ಲಿನಿಂದ ಹೊಡೆದರೆ ಜಾಗಟೆ ಬಾರಿಸಿದಂಥ ದನಿ. ಪಕ್ಕದ ಗುಂಡಿಗೆ ಹೊಡೆದರೆ ಬರಿಯ ಟಪ್ಪೆಂಬ ಸದ್ದು. ಯಾವುದು ಮೊಳಗುತ್ತದೆಂದು ಗೊತ್ತಿದ್ದೇ ಕುಟ್ಟಿದ್ದಾರೆ. ಪುರಾತತ್ವಜ್ಞೆ ನಿಕೋಲ್ ಬೋಯ್ವಿನ್ 2004ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಈ ಸಂಗತಿ ಬರೆದ ಮೇಲೆ ಗುಡ್ಡ ಮತ್ತೆ ಸುದ್ದಿಗೆ ಬಂತು. ಈ ದನಿಯನ್ನು ಯಾವ ಫೋಟೊ ತಾನೇ ದಾಖಲಿಸೀತು?

ಫೋಟೊ ಉಳಿದರೂ ಅದರಲ್ಲಿರುವವರ ಹೆಸರು ಹೇಳುವವರು ಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹೋ-ಚಂಕ್ ಎಂಬ ಮೂಲನಿವಾಸಿ ಜನರಿದ್ದಾರೆ. ಸರ್ಕಾರ ಮತ್ತೆ ಮತ್ತೆ ಎತ್ತಂಗಡಿ ಮಾಡಿದರೂ ಮರಳಿ ಬಂದು ನೆಲೆನಿಂತವರು. ಬ್ಲ್ಯಾಕ್ ರಿವರ್ ಫಾಲ್ಸ್ ಊರಿನ ಛಾಯಾಗ್ರಾಹಕ ಚಾರ್ಲ್ಸ್ ವ್ಯಾನ್ ಶೈಕ್ ಗಾಜಿನ ಪ್ಲೇಟಿನಲ್ಲಿ ತೆಗೆದ ಅವರ ಚಿತ್ರಗಳಿಗೆ, ಅದೇ ಸಮುದಾಯದವರು ಕೂತು ಇದು ಇಂಥವರ ಅಜ್ಜಿ, ಇದು ಇಂಥವರ ಮುತ್ತಜ್ಜ ಎಂದು ಹೆಸರು ಕೂಡಿಸಿದರು, 2011ರಲ್ಲಿ ಅದು ಪುಸ್ತಕವಾಯಿತು. ನಮ್ಮ ಗುಡ್ಡದ ಕಡತದಲ್ಲಿ ಫೂಟ್, ಫಾಸೆಟ್, ಗಾರ್ಡನ್ ಇದ್ದಾರೆ. 1946ರಲ್ಲಿ ಇಲ್ಲಿ ಅಗೆದ ಡೆಕ್ಕನ್ ಕಾಲೇಜಿನ ಬಿ. ಸುಬ್ಬರಾವ್, 1964-65ರಲ್ಲಿ ಅಗೆದ ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಇದ್ದಾರೆ. ಗುದ್ದಲಿ ಹಿಡಿದವರು, ಮಣ್ಣು ಜರಡಿ ಹಿಡಿದವರು ಯಾರು ಅಂತ ಕೇಳಿದರೆ ಯಾವ ಪುಸ್ತಕದ ಹೊದಿಕೆಯೂ ಹೇಳುವುದಿಲ್ಲ. ಅಂಥವರ ಮಕ್ಕಳು ಮೊಮ್ಮಕ್ಕಳು ಈ ಊರುಗಳಲ್ಲೇ ಇದ್ದಾರು. ಹಳೆಯ ಉತ್ಖನನದ ಚಿತ್ರಗಳನ್ನು ಒಮ್ಮೆ ಅವರ ಮುಂದೆ ಹರಡುವ ಕೆಲಸ ಆಗಬೇಕು.

ಕೊಡಲಿ ಮಾಡಿದವರ ಅಡುಗೆಮನೆಯ ದಾಖಲೆಯೂ ಇಲ್ಲಿದೆ. ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಬೋಯ್ವಿನ್ ಜೊತೆ ಕೆಲಸ ಮಾಡಿದ ಸಸ್ಯ ಪುರಾತತ್ವಜ್ಞ ಡೋರಿಯನ್ ಫುಲ್ಲರ್ ಮಣ್ಣನ್ನು ನೀರಿನಲ್ಲಿ ತೇಲಿಸಿ, ಸುಟ್ಟು ಕರಕಲಾದ ಕಾಳುಗಳನ್ನು ಆರಿಸಿದರು. ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ. ಗೋದಿ, ಬಾರ್ಲಿ ಆಮೇಲೆ ಉತ್ತರದಿಂದ ಬಂದವು. ಬಳ್ಳಾರಿ ಕಡೆ ಹುರುಳಿ ಸಾರು ಇನ್ನೂ ಕುದಿಯುತ್ತಿದೆ.

ಇದೇ ದನಗಾಹಿಗಳ ಇನ್ನೊಂದು ಗುರುತು ಹೊಸಪೇಟೆ ದಾರಿಯ ಕುಡತಿನಿಯ ಬೂದಿದಿಬ್ಬ. ರಾಕ್ಷಸರ ಚಿತೆ ಎಂದು ಜನ ನಂಬಿದ್ದ ಇಂಥ ದಿಬ್ಬಗಳು ಸುಟ್ಟ ಸಗಣಿಯ ರಾಶಿಗಳೆಂದು 1960ರಲ್ಲಿ ವಿಜ್ಞಾನಿ ಝೊಯ್ನರ್ ಪ್ರಯೋಗಾಲಯದಲ್ಲಿ ತೋರಿಸಿದ. ಈಗ ಅದೇ ಊರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರ ತನ್ನ ಪಾಲಿನ ಬೂದಿ ಕೂಡಿಸುತ್ತಿದೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಗುಡ್ಡಗಳಲ್ಲೂ ನಾಗರಾಜರಾವ್ 1963-64ರಲ್ಲಿ ಇಂಥದೇ ನೆಲೆಗಳನ್ನು ಅಗೆದಿದ್ದರು.

ಕಪ್ಪಗಲ್ಲಿನ ದೊಡ್ಡ ಶತ್ರು ಕಲ್ಲು ಕ್ವಾರಿ. ಮಾಸಿದ ಫೋಟೊವನ್ನು ಮತ್ತೆ ತೆಗೆಯಬಹುದು, ಜಲ್ಲಿಯಾದ ಬಂಡೆಯಲ್ಲಿ ಏನು ತೆಗೆಯುವುದು? ಬೋಯ್ವಿನ್ ಬರೆಯುವ ಹೊತ್ತಿಗೇ ಗುಡ್ಡದ ಒಂದು ಪಾಲು ಕ್ವಾರಿಗೆ ಹೋಗಿತ್ತು.

ಹೊರಡುವ ಮುನ್ನ ಬಳ್ಳಾರಿ ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ನೋಡಿದರೆ ಗುಡ್ಡದ ಮೇಲೆ ಏನು ಹುಡುಕಬೇಕೆಂದು ತಿಳಿಯುತ್ತದೆ. ಕೋರಿಶೆಟ್ಟರ್ ಬೆನ್ನುಹತ್ತಿ ಕಟ್ಟಿಸಿದ್ದು ಅದು. ಬಿಸಿಲೇರುವ ಮೊದಲೇ ಹತ್ತಿ, ನೀರು ಒಯ್ಯಿರಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಕಾಲಡಿ ಸಿಗುವ ಕಪ್ಪು ಚಕ್ಕೆಗಳನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಕೊಡಲಿ ಮಾಡಿದವರು ಕೂತು ಕೆಲಸ ಮಾಡಿದ ಜಾಗ ತಿಳಿಯುವುದು ಅವು ಬಿದ್ದಲ್ಲೇ ಬಿದ್ದಿದ್ದರೆ ಮಾತ್ರ.